ಪುಟ್ಟಮಾದಮ್ಮನ ನಕ್ಷೆಯಲ್ಲಿ ಬಿಟ್ಟುಹೋದ ಜಾಗ

ನಮ್ಮ ಕೆಂಚನಕಟ್ಟೆಯ ನಕ್ಷೆಯನ್ನು ಸರಿಯಾಗಿ ಬರೆದವರು ಇಡೀ ಊರಿಗೆ ಒಬ್ಬರೇ, ಪುಟ್ಟಮಾದಮ್ಮ. ಹೀಗೆಂದರೆ ಪಂಚಾಯ್ತಿ ಕಚೇರಿಯಲ್ಲಿ ನಗುತ್ತಾರೆ. ನಗಲಿ, ಅವರಿಗೆ ನಗುವುದಕ್ಕೂ ಸಂಬಳ ಬರುತ್ತದೆ. ಆ ನಕ್ಷೆ ಬರೆದದ್ದರಿಂದಲೇ ಪುಟ್ಟಮಾದಮ್ಮ ತಮ್ಮ ಗಂಡನ ಪಕ್ಕದಲ್ಲಿ ಮಲಗಬೇಕಾಗಿದ್ದ ಆರಡಿ ನೆಲವನ್ನು ಕಳೆದುಕೊಂಡರು. ಅದರಲ್ಲಿ ನನ್ನ ಕೈವಾಡವೂ ಇದೆ. ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ನಾನು ಆ ಪಂಚಾಯ್ತಿಯ ಲೈಬ್ರರಿ ನೋಡಿಕೊಳ್ಳುವವನು, ಹೆಸರು ಮಲ್ಲಿಕಾರ್ಜುನ. ಹುಲ್ಲಹಳ್ಳಿ ರಸ್ತೆಯಲ್ಲಿ ಬಸ್ಸಿಳಿದು, ನಾಲೆ ಏರಿಯ ಮೇಲೆ ಕಾಲು ಗಂಟೆ ನಡೆದರೆ ನಮ್ಮೂರು. ಬಿಪಿ ಮಾತ್ರೆ ನುಂಗುವವನು, ಬೇಗ ಸಿಟ್ಟು ಬರುತ್ತದೆ, ಅಷ್ಟೇ ಬೇಗ ಸುಮ್ಮನಾಗುತ್ತೇನೆ. ಸುಮ್ಮನಾಗುವುದೇ ನನ್ನ ದೊಡ್ಡ ಕಾಯಿಲೆ ಎಂದು ನನ್ನ ಹೆಂಡತಿ ನಂದಿತಾ ಹೇಳುತ್ತಾಳೆ. ಅದಕ್ಕೆ ಮಾತ್ರೆ ಇಲ್ಲ. ನನ್ನ ಅಕ್ಷರ ಮುದ್ದಾಗಿದೆ ಎಂದು ಊರಿಗೆಲ್ಲ ಗೊತ್ತು. ಪಂಚಾಯ್ತಿಯಲ್ಲಿ ಬೋರ್ಡು ಬರೆಯಬೇಕೆಂದರೂ, ಸಭೆಯ ನಡಾವಳಿ ಬರೆಯಬೇಕೆಂದರೂ ನನ್ನನ್ನೇ ಕರೆಯುತ್ತಾರೆ.

ಪುಟ್ಟಮಾದಮ್ಮ ಹೆಡತಲೆ ಎಂಬ ಊರಿನ ಹೆಣ್ಣು. ಹದಿನಾರಕ್ಕೆ ಮದುವೆಯಾಗಿ ನಮ್ಮೂರ ಕೆಳಗಿನ ಬೀದಿಗೆ ಬಂದರು. ಗಂಡ ಪುಟ್ಟಬಸವಯ್ಯ ನಾಲೆಯ ನೀರಗಂಟಿ. ಯಾವ ಗದ್ದೆಗೆ ಯಾವ ಹೊತ್ತಿಗೆ ನೀರು ಬಿಡಬೇಕು, ಯಾವ ತೂಬನ್ನು ಎಷ್ಟು ಎತ್ತಬೇಕು ಎನ್ನುವುದೆಲ್ಲ ಅವನ ಕೆಲಸ. ಅವನು ಎಲ್ಲಿದ್ದರೆ ಅಲ್ಲಿಗೆ ಬುತ್ತಿ ಹೊತ್ತುಕೊಂಡು ಹೋಗುವುದು ಇವರ ಕೆಲಸ. ಹೀಗೆ ಮೂವತ್ತು ವರ್ಷ ನಡೆದು ನಡೆದು ಊರಿನ ಒಂದೊಂದು ಬದು, ಒಂದೊಂದು ಕಾಲುವೆ, ಯಾವ ತಿರುವಿನಲ್ಲಿ ಯಾರ ಹೊಂಗೆ ಮರ ಎಂಬುದೆಲ್ಲ ಅವರ ಕಾಲಿಗೆ ಗೊತ್ತಿತ್ತು. ಅಕ್ಷರ ಬರುತ್ತಿರಲಿಲ್ಲ. ರಂಗೋಲಿ ಮಾತ್ರ ಅವರ ಹಾಗೆ ಬಿಡುವವರು ಸುತ್ತಮುತ್ತ ಯಾರೂ ಇರಲಿಲ್ಲ. ಸುತ್ತೂರಿನ ಕಡೆಯಿಂದಲೂ ಮದುವೆ ಮನೆಯವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಎರಡು ಬೆರಳ ಸಂದಿಯಿಂದ ಪುಡಿ ಸುರಿಯುತ್ತ ಹಿಂದೆ ಹಿಂದೆ ನಡೆದರೆ ಗೆರೆ ಎಲ್ಲೂ ನಡುಗುತ್ತಿರಲಿಲ್ಲ.

ಅವರಿಗೆ ಮೊದಲು ಹುಟ್ಟಿದ ಕೂಸು ನಲವತ್ತನೇ ದಿನಕ್ಕೆ ಹೋಯಿತು. ಆಮೇಲೆ ರೋಜಾ ಹುಟ್ಟಿದಳು. ಪುಟ್ಟಬಸವಯ್ಯ ಎದೆನೋವೆಂದು ನಾಲೆ ಏರಿಯ ಮೇಲೆ ಕೂತವನು ಎದ್ದೇಳಲಿಲ್ಲ, ಅದಾಗಿ ಈಗ ಹನ್ನೆರಡು ವರ್ಷ. ಕೂಸನ್ನೂ ಅವನನ್ನೂ ಮಣ್ಣು ಮಾಡಿದ್ದು ಒಂದೇ ಕಡೆ, ಬೀದಿಯ ಹಿಂದೆ ಇರುವ ಮುಕ್ಕಾಲು ಎಕರೆ ಬೀಳಿನಲ್ಲಿ, ಒಂದು ಕಕ್ಕೆ ಮರದ ಬುಡದಲ್ಲಿ. ಕೂಸಿಗೂ ಗಂಡನಿಗೂ ನಡುವೆ ಒಬ್ಬರು ಮಲಗುವಷ್ಟು ಜಾಗ ಬಿಡಿಸಿ, ತಲೆಗೊಂದು ಕಾಲಿಗೊಂದು ಕಲ್ಲು ನೆಡಿಸಿದ್ದರು. ಅದು ತನ್ನದು ಎಂದು ಬೀದಿಗೆಲ್ಲ ಹೇಳಿದ್ದರು. ಈ ಲೋಕದಲ್ಲಿ ಅವರು ನನಗಿರಲಿ ಎಂದು ಕೇಳಿಕೊಂಡದ್ದು ನನಗೆ ಗೊತ್ತಿರುವ ಹಾಗೆ ಅದೊಂದೇ.

ಕೆಳಗಿನ ಬೀದಿಯವರು ಆ ಜಾಗವನ್ನು ಸ್ಮಶಾನ ಎನ್ನುವುದಿಲ್ಲ. ಅದರ ಹೆಸರನ್ನೇ ಎತ್ತುವುದಿಲ್ಲ. ‘ಆ ತಾವು’ ಎನ್ನುತ್ತಾರೆ, ಅದೂ ಸತ್ತ ದಿನ, ಮಣ್ಣು ಮಾಡಿದ ಮೇಲೆ ಹಾಲುತುಪ್ಪ ಬಿಡುವ ದಿನ, ಮಾರ್ಲಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಮಾತ್ರ. ಉಳಿದ ದಿನಗಳಲ್ಲಿ ಅತ್ತ ಕೈ ತೋರಿಸುವುದೂ ಇಲ್ಲ. ಇನ್ನು ಸರ್ಕಾರದ ಪಹಣಿಯಲ್ಲಿ ಅದು ಖರಾಬು ಜಮೀನು, ಅಷ್ಟೇ. ನಮ್ಮ ಮೇಲಿನ ಬೀದಿಯ ರುದ್ರಭೂಮಿ ಮಾತ್ರ ನಮ್ಮ ಮುತ್ತಾತನ ಕಾಲದಿಂದಲೂ ದಾಖಲೆಯಲ್ಲಿದೆ. ಅಂದಿನ ಶಾನುಭೋಗರು ನಮ್ಮ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಬರೆದುಕೊಂಡು ಹೋಗಿದ್ದರಂತೆ. ಕೆಳಗಿನ ಬೀದಿಯಲ್ಲಿ ಅವರು ಕೂರಲೂ ಇಲ್ಲ, ಕುಡಿಯಲೂ ಇಲ್ಲ, ಬರೆಯಲೂ ಇಲ್ಲ.

ಐದು ವರ್ಷದ ಹಿಂದೆ, ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ, ಊರಿನ ಯೋಜನೆಯನ್ನು ಊರಿನವರೇ ಮಾಡಬೇಕು ಎಂದು ಆದೇಶ ಬಂತು. ಬೀದಿ ಬೀದಿಯಲ್ಲಿ ಜನ ಸೇರಿ, ತಮ್ಮಲ್ಲಿ ಏನಿದೆ ಏನಿಲ್ಲ ಎಂಬುದನ್ನು ನೆಲದ ಮೇಲೆ ನಕ್ಷೆಯಾಗಿ ಬರೆಯಬೇಕು. ಅದರ ಫೋಟೊ ತೆಗೆಯಬೇಕು. ಅದನ್ನೇ ಹಾಳೆಗಿಳಿಸಿ, ಸೇರಿದವರ ಸಹಿ ಪಡೆದು ಕಂಪ್ಯೂಟರಿಗೆ ಏರಿಸಬೇಕು. ರಸ್ತೆ, ಚರಂಡಿ, ಕಟ್ಟಡ ಯಾವುದು ಎಲ್ಲಿ ಬರಬೇಕು ಎನ್ನುವುದು ಆ ನಕ್ಷೆ ನೋಡಿಯೇ ತೀರ್ಮಾನ. ಇದನ್ನು ಮಾಡಿಸಲು ತಾಲ್ಲೂಕಿನಿಂದ ಶಾಲಿನಿ ಎಂಬ ತರಬೇತಿಯ ಹುಡುಗಿ ಬಂದಿದ್ದಳು. ಒಳ್ಳೆಯ ಹುಡುಗಿ, ಆ ಕೆಲಸವನ್ನು ನಂಬಿ ಮಾಡುತ್ತಿದ್ದಳು. ಅವಳ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ.

ಮೇಲಿನ ಬೀದಿಯಲ್ಲಿ ನಮ್ಮ ಗಂಡಸರು ಮಠದ ಜಗುಲಿಯ ಮೇಲೆ ಚಾರ್ಟು ಹಾಸಿ, ಸ್ಕೆಚ್ ಪೆನ್ನಿನಲ್ಲಿ ಗೀಚಿ, ಅರ್ಧ ಗಂಟೆಯಲ್ಲಿ ಮುಗಿಸಿ ಎದ್ದರು. ರುದ್ರಭೂಮಿಯನ್ನು ದೊಡ್ಡದಾಗಿ ಬರೆದು, ಅದಕ್ಕೆ ಕಾಂಪೌಂಡು ಬೇಕು, ಬೋರ್‌ವೆಲ್ ಬೇಕು ಎಂದು ಪಟ್ಟಿಯನ್ನೂ ಕೊಟ್ಟರು. ಕೆಳಗಿನ ಬೀದಿಯಲ್ಲಿ ಹೆಂಗಸರು ಮುಂದೆ ಬಂದರು. ಅಂಬೇಡ್ಕರ್ ಭವನದ ಮುಂದೆ ಸಗಣಿ ಸಾರಿಸಿ, ನೆಲ ಒಣಗಿಸಿ, ಪುಟ್ಟಮಾದಮ್ಮನ ಕೈಗೆ ರಂಗೋಲಿ ಡಬ್ಬಿ ಕೊಟ್ಟರು.

ಆ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ. ಮೊದಲು ನಾಲೆ ಹರಿಯಿತು. ಆಮೇಲೆ ಒಂಬತ್ತು ತೂಬು, ಒಂದೊಂದರಿಂದ ಒಂದೊಂದು ಕಾಲುವೆ. ಆಮೇಲೆ ಬೀದಿ, ಎಂಬತ್ತೆರಡು ಮನೆ, ಯಾವ ಮನೆಯ ಬಾಗಿಲು ಎತ್ತ ಎಂಬುದೂ ಸೇರಿ. ಕೆಟ್ಟುಹೋದ ನಲ್ಲಿಗೆ ಕುಂಕುಮ, ನೀರು ಬರುವ ನಲ್ಲಿಗೆ ಅರಿಶಿನ. ಗಂಡಸರು ಭವನದ ಮೆಟ್ಟಿಲ ಮೇಲೆ ಕೂತು ತಮಾಷೆ ಮಾಡುತ್ತಿದ್ದರು. ಆ ಬೀದಿಯ ಮೆಂಬರು ಪುಟ್ಟರಾಜು ತನ್ನ ಮನೆ ಮುಂದಿನ ಕಲ್ಲುಚಪ್ಪಡಿಯನ್ನೂ ಆಕೆ ಬಿಡಲಿಲ್ಲವೆಂದು, ತನ್ನ ನಾಯಿಯನ್ನೂ ಬರೆದುಬಿಡಲಿ ಎಂದ. ಅವರು ನಕ್ಕು, ಆ ಮನೆಯ ಬಾಗಿಲಲ್ಲಿ ಒಂದು ಚುಕ್ಕಿ ಇಟ್ಟರು. ಎಲ್ಲರೂ ನಕ್ಕರು.

ಬೀದಿಯ ಹಿಂದೆ, ಈಶಾನ್ಯದ ಮೂಲೆಯಲ್ಲಿ, ಒಂದು ಮೊರದಷ್ಟು ಜಾಗ ಖಾಲಿ ಉಳಿಯಿತು. ಪುಡಿ ಸುರಿಯುತ್ತ ಸುತ್ತಿ ಬರುವಾಗ ಪುಟ್ಟಮಾದಮ್ಮ ಆ ಜಾಗವನ್ನು ತುಳಿಯುತ್ತಿರಲಿಲ್ಲ. ಸೀರೆಯ ನೆರಿಗೆ ಎತ್ತಿಕೊಂಡು ಸುತ್ತು ಬಳಸಿ ಹೋಗುತ್ತಿದ್ದರು. ಉಳಿದ ಹೆಂಗಸರೂ ಹಾಗೆಯೇ. ಶಾಲಿನಿ ಮೂರು ಸಲ ಕೇಳಿದಳು, ಏನಾದರೂ ಬಿಟ್ಟುಹೋಗಿದೆಯೇ, ನೋಡಿಕೊಳ್ಳಿ, ಆಮೇಲೆ ಸೇರಿಸಲು ಬರುವುದಿಲ್ಲ ಎಂದಳು. ಹೆಂಗಸರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಗಂಡಸರು ಬೀಡಿ ಹಚ್ಚಿದರು. ನಾನು ಪ್ಯಾಡು ಹಿಡಿದು ನಿಂತಿದ್ದೆ. ಅದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪುಟ್ಟಬಸವಯ್ಯನ ಮಣ್ಣಿಗೆ ಅದೇ ಜಾಗಕ್ಕೆ ಹೋಗಿ ನಾನೂ ಮೂರು ಹಿಡಿ ಹಾಕಿ ಬಂದಿದ್ದೆ.

ನೆಲದ ನಕ್ಷೆಯನ್ನು ಹಾಳೆಗೆ ಇಳಿಸಿದೆ. ಯಾವ ಜಾಗಕ್ಕೂ ಹೆಸರಿಲ್ಲದೆ ಬಿಡಬಾರದೆಂದು ಶಾಲಿನಿ ಮೊದಲೇ ಹೇಳಿದ್ದಳು. ಈಶಾನ್ಯದ ಮೂಲೆಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಅವರೇ ಹೇಳದ್ದನ್ನು ನಾನ್ಯಾಕೆ ಬರೆಯಲಿ, ಮೇಲಿನ ಬೀದಿಯವನು ಬಂದು ನಮ್ಮ ತಾವಿನ ಹೆಸರೆತ್ತಿದ ಎಂದು ಬೇಜಾರು ಮಾಡಿಕೊಂಡಾರು ಎಂದುಕೊಂಡೆ. ಇದು ನಾನು ಆಮೇಲೆ ಕಟ್ಟಿಕೊಂಡ ಸಮಜಾಯಿಷಿಯೂ ಇರಬಹುದು. ಆ ಹೊತ್ತಿಗೆ ಟೀ ಬಂದಿತ್ತು, ಬಿಸಿಲು ಏರಿತ್ತು. ಮುದ್ದಾದ ಅಕ್ಷರದಲ್ಲಿ ‘ಖಾಲಿ ಜಾಗ’ ಎಂದು ಬರೆದೆ. ಕೆಳಗೆ ಮೊದಲ ಹೆಬ್ಬೆಟ್ಟು ಪುಟ್ಟಮಾದಮ್ಮನದು. ಬೆರಳಿಗೆ ಹತ್ತಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಪಟ ಚೆನ್ನಾಗಿ ಬಂದಿದೆಯೇ ಸಾ ಎಂದು ಕೇಳಿದರು. ಬಂದಿದೆ ಎಂದೆ.

ನಾಲ್ಕು ತಿಂಗಳಿಗೆ ಗ್ರಾಮಸಭೆ. ಪಿಡಿಒ ಸಾಹೇಬರು ಆ ವರ್ಷದ ಕ್ರಿಯಾಯೋಜನೆಯನ್ನು ಒಂದೇ ರಾಗದಲ್ಲಿ ಓದಿಕೊಂಡು ಹೋದರು. ಹದಿನಾಲ್ಕನೆಯದು, ಕಸ ಬೇರ್ಪಡಿಸುವ ಸ್ವಚ್ಛ ಸಂಕೀರ್ಣ, ಸ್ಥಳ ಕೆಳಗಿನ ಬೀದಿಯ ಹಿಂದಿನ ಖಾಲಿ ಜಾಗ. ಸಭೆಯಲ್ಲಿದ್ದ ಅರ್ಧ ಜನ ಉಪ್ಪಿಟ್ಟಿನ ಕಡೆ ನೋಡುತ್ತಿದ್ದರು. ರೋಜಾ ಅಂದು ರಜೆ ಹಾಕಿ ಬಂದಿದ್ದಳು. ನಂಜನಗೂಡಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ಹುಡುಗಿ, ಪಿಯುಸಿ ಓದಿದವಳು, ಬಾಯಿ ಜೋರು. ಎದ್ದು ನಿಂತು, ಅದು ಖಾಲಿ ಜಾಗವಲ್ಲ, ನಮ್ಮ ಸ್ಮಶಾನ ಎಂದಳು. ಆ ಹೆಸರು ಕೇಳಿ ಅವಳ ಬೀದಿಯ ಹೆಂಗಸರೇ ಬೆಚ್ಚಿದರು.

ಪಿಡಿಒ ಸಿಟ್ಟಾಗಲಿಲ್ಲ. ಕಡತ ತರಿಸಿ, ನನ್ನ ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಪಹಣಿ ಖರಾಬು ಎನ್ನುತ್ತದೆ, ನಿಮ್ಮ ನಕ್ಷೆ ಖಾಲಿ ಎನ್ನುತ್ತದೆ, ನಾವೇನು ನಮ್ಮ ಮನೆಯಿಂದ ತಂದು ಬರೆದೆವೇ, ಇದು ಯಾರ ಹೆಬ್ಬೆಟ್ಟು ಹೇಳಿ ಎಂದರು. ಫೋಟೊವನ್ನೂ ತೋರಿಸಿದರು. ಫೋಟೊದಲ್ಲಿ ನಾಯಿಯ ಚುಕ್ಕಿಯೂ ಕಾಣುತ್ತಿತ್ತು. ರೋಜಾ ಆ ಹೆಬ್ಬೆಟ್ಟನ್ನು ನೋಡಿದಳು, ತಿರುಗಿ ಗೋಡೆಯ ಬದಿ ಕೂತಿದ್ದ ತಾಯಿಯನ್ನು ನೋಡಿದಳು.

“ನಾಯ್ನೂ ಬರ್ದಿದ್ದೀಯಲ್ಲವ್ವ, ಅಪ್ಪುನ್ನ ಯಾಕ್ ಬರೀನಿಲ್ಲ?”

ಪುಟ್ಟಮಾದಮ್ಮ ಗೋಡೆ ಹಿಡಿದು ಎದ್ದು ನಿಂತರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ರಂಗೋಲಿ ಬುಡದು ಕರಿಯಾಕೆ ಕಣವ್ವ. ಲಕ್ಸ್ಮಿ ಬರ್ಲಿ ಅಂತ ಬುಡ್ತೀವಿ, ನೆಂಟ್ರು ಬರ್ಲಿ ಅಂತ ಬುಡ್ತೀವಿ. ಬೀದಿ ತುಂಬ ಮಕ್ಳು ಮರಿ ಅವೆ. ಆ ತಾವ್ನ ರಂಗೋಲೀಲಿ ಬರ್ದು, ಬಾ ಅಂತ ಎಂಗೆ ಕರೀಲಿ?”

ಆ ಬೀದಿಯ ಯಾರೂ ಅದನ್ನು ತಪ್ಪು ಎನ್ನಲಿಲ್ಲ. ಯಾರ ಕೈಗೆ ಡಬ್ಬಿ ಕೊಟ್ಟಿದ್ದರೂ ಅಷ್ಟೇ ಮಾಡುತ್ತಿದ್ದರು. ಪಿಡಿಒ ತಲೆಯಾಡಿಸಿ, ನಡಾವಳಿಯಲ್ಲಿ ‘ಒಬ್ಬ ಸದಸ್ಯೆಯಿಂದ ಆಕ್ಷೇಪ, ಪರಿಶೀಲಿಸಲಾಗುವುದು’ ಎಂದು ಬರೆಯಿರಿ ಎಂದು ನನಗೆ ಹೇಳಿದರು. ಅದನ್ನೂ ನಾನೇ ಬರೆದೆ. ನನ್ನ ಕೈಗೆ ಏನನ್ನಬೇಕು ನೀವೇ ಹೇಳಿ.

ಆಮೇಲೆ ಓಡಾಟ ಶುರುವಾಯಿತು. ರೋಜಾ ರಜೆ ಹಾಕಿದ ದಿನವೆಲ್ಲ ತಾಯಿ, ಮಗಳು, ನಾನು ಮೂವರೂ ಅರ್ಜಿ ಹಿಡಿದು ಬಸ್ಸು ಹತ್ತಿದೆವು. ಒಂದು ಕಚೇರಿಯಲ್ಲಿ ಸರ್ವೆ ಆಗಲಿ ಎಂದರು, ಸರ್ವೆಯಲ್ಲಿ ದಾಖಲೆ ತನ್ನಿ ಎಂದರು, ದಾಖಲೆಯವರು ನಿಮ್ಮ ಪಂಚಾಯ್ತಿಯ ನಕ್ಷೆ ಏನನ್ನುತ್ತದೆ ನೋಡಿ ಎಂದರು. ಒಬ್ಬ ಹಿರಿಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಅಮ್ಮ, ಬರೆಯುವ ದಿನ ಸುಮ್ಮನಿದ್ದು ಕಟ್ಟುವ ದಿನ ಬಂದರೆ ನಾವೇನು ಮಾಡುವುದು ಎಂದು ನಿಜವಾಗಿಯೂ ನೊಂದುಕೊಂಡರು. ಅವರು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕೊನೆಗೆ ಬಂದ ಉತ್ತರ ಹೀಗಿತ್ತು, ಕೆಳಗಿನ ಬೀದಿಯವರಿಗೆ ನಾಲೆಯ ಆಚೆ ಒಂದು ಎಕರೆ ಹೊಸ ಸ್ಮಶಾನಕ್ಕೆ ಗುರುತಿಸಲಾಗಿದೆ, ಹಳೆಯ ಜಾಗದಲ್ಲಿ ಕಾಮಗಾರಿ ಮುಂದುವರಿಯುತ್ತದೆ. ನಾಲೆಯ ಆಚೆಯ ಆ ಎಕರೆ ಬರೀ ಬಂಡೆ. ಗುರುತಿಸಿದ್ದರು ಅಷ್ಟೇ, ಇನ್ನೂ ಯಾವ ಕಾಗದಕ್ಕೂ ಸೇರಿಸಿರಲಿಲ್ಲ.

ಜೆಸಿಬಿ ಬಂದ ದಿನ ಪುಟ್ಟರಾಜು ಅದರ ಮುಂದೆ ಮಲಗುತ್ತೇನೆ ಎಂದು ಹಾರಾಡಿದ, ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದುಹೋದ. ಪುಟ್ಟಮಾದಮ್ಮ ಮಲಗಲಿಲ್ಲ, ಅಳಲಿಲ್ಲ. ಕಕ್ಕೆ ಮರ ಉರುಳಿದ ಮೇಲೆ ಎರಡು ಕಲ್ಲುಗಳ ನಡುವೆ ನಿಂತು, ಈ ಪಾಯವನ್ನು ಮೂರು ಮಾರು ಆ ಕಡೆ ತೆಗೆಯಿರಿ ಎಂದು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಪ್ಲಾನಿನ ಹಾಳೆ ತೋರಿಸಿದ. ಹಾಳೆ ನೋಡಿದ್ದೇ ಅವರು ಕಲ್ಲುಗಳ ನಡುವಿನಿಂದ ಆಚೆ ಸರಿದರು. ಆ ಎರಡು ಕಲ್ಲು ಪಾಯದ ಒಳಗೆ ಹೋದವು.

ಆರು ತಿಂಗಳಲ್ಲಿ ಶೆಡ್ಡು ಎದ್ದಿತು, ಸುತ್ತ ತಂತಿಬೇಲಿ, ಮುಂದೆ ಗೇಟು, ಗೋಡೆಯ ಮೇಲೆ ಸ್ವಚ್ಛತೆಯ ಚಿತ್ರ. ಕಸ ಬೇರ್ಪಡಿಸಲು ಸ್ತ್ರೀಶಕ್ತಿ ಸಂಘದಿಂದ ಮೂವರು ಹೆಂಗಸರು ಬೇಕೆಂದರು. ಕೆಳಗಿನ ಬೀದಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ತಮ್ಮವರ ಎದೆಯ ಮೇಲೆ ಕೂತು ಕಸ ಆರಿಸುವುದೇ ಎಂದು ಉಗಿದರು. ಒಂದು ಸೋಮವಾರ ಪುಟ್ಟಮಾದಮ್ಮ ಎದ್ದು, ಬುತ್ತಿ ಕಟ್ಟಿಕೊಂಡು, ಆ ಕೆಲಸಕ್ಕೆ ಹೋದರು.

ಬೀದಿ ಅವರನ್ನು ಬಾಯಿಗೆ ಬಂದಂತೆ ಅಂದಿತು. ರೋಜಾ ಒಂದು ತಿಂಗಳು ತಾಯಿಯ ಜೊತೆ ಮಾತು ಬಿಟ್ಟಳು. ನನಗೂ ಅರ್ಥವಾಗಲಿಲ್ಲ. ಲೈಬ್ರರಿಯ ಹಳೆಯ ಪೇಪರು ಕೊಡುವ ನೆಪದಲ್ಲಿ ಒಂದು ದಿನ ಅಲ್ಲಿಗೆ ಹೋದೆ. ಮಾರ್ಲಮಿ ಹಬ್ಬದ ದಿನವದು. ಪಕ್ಕದೂರಿನಿಂದ ಕೆಲಸಕ್ಕೆ ಬರುತ್ತಿದ್ದ ಉಳಿದಿಬ್ಬರು ಹೆಂಗಸರು ಅಂದು ಬಂದಿರಲಿಲ್ಲ. ಒಳಗೆ, ಆ ಎರಡು ಕಲ್ಲು ಇದ್ದ ಕಡೆ ಎದ್ದಿದ್ದ ಮೂರನೇ ಕಂಬದ ಹತ್ತಿರ, ಪ್ಲಾಸ್ಟಿಕ್ ಬಾಟಲಿಯ ಚೀಲಗಳನ್ನೆಲ್ಲ ಆಚೆ ಎಳೆದುಹಾಕಿ, ಸಿಮೆಂಟು ನೆಲವನ್ನು ತೊಳೆದು ಪುಟ್ಟಮಾದಮ್ಮ ಕೂತಿದ್ದರು. ಮುಂದೆ ಎರಡು ಬಾಳೆಲೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡ ಎಲೆಯಲ್ಲಿ ಮುದ್ದೆ, ಸಾರು, ಒಂದು ಕಟ್ಟು ಬೀಡಿ. ಚಿಕ್ಕದರಲ್ಲಿ ಸ್ವಲ್ಪ ಹಾಲು.

“ಗೇಟ್ ಬೀಗದ್ ಕೈ ಈಗ ನನ್ ತಾವೇ ಅದೆ ಸಾ. ದಿನಾ ಬತ್ತೀನಿ, ಯಾರ್ನೂ ಕೇಳಂಗಿಲ್ಲ,” ಎಂದರು.

ಆಗ ನನಗೆ ಅರ್ಥವಾಯಿತು. ಅಲ್ಲೇ ಪೇಪರಿನ ಕಟ್ಟಿನ ಮೇಲೆ ಕೂತು, ಅಂದು ಆ ಮೂಲೆಗೆ ಖಾಲಿ ಜಾಗ ಎಂದು ಬರೆದವನು ನಾನೇ, ಅದು ಏನೆಂದು ಗೊತ್ತಿದ್ದೇ ಬರೆದೆ ಎಂದು ಹೇಳಿಬಿಟ್ಟೆ. ಬೈಯಲಿ ಎಂದೇ ಹೇಳಿದೆ. ಅವರು ಎಲೆಯ ಮೇಲೆ ಕೂತ ನೊಣ ಓಡಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದರು.

“ನನ್ ಕೈಲಿ ರಂಗೋಲಿ ಇತ್ತು, ಬರಿಯಂಗಿರ್ನಿಲ್ಲ. ನಿಮ್ ಕೈಲಿ ಪೆನ್ನಿತ್ತಲ್ಲ ಸಾ.”

ಮಾತು ಅಷ್ಟೇ. ಆಮೇಲೆ ಎಲೆಯಿಂದ ಒಂದು ತುತ್ತು ಮುದ್ದೆ ಮುರಿದು ನನಗೂ ಕೊಟ್ಟರು. ತಿಂದೆ. ಕೆಳಗಿನ ಬೀದಿಯವರ ಕೈಯಿಂದ ನಮ್ಮ ಮನೆತನದವರು ಯಾರೂ ಅದುವರೆಗೆ ತಿಂದಿರಲಿಲ್ಲ ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಡೆದದ್ದು ಹೇಳಿದೆ.

ಮೂರು ವರ್ಷ ಅವರು ಆ ಶೆಡ್ಡಿನಲ್ಲಿ ದುಡಿದರು. ಮೂರನೇ ಕಂಬದ ಹತ್ತಿರ ಒಡೆದ ಗಾಜು ಹಾಕಲು ಬಿಡುತ್ತಿರಲಿಲ್ಲ, ಹಸಿ ಕಸ ಸುರಿಯಲು ಬಿಡುತ್ತಿರಲಿಲ್ಲ. ಅಲ್ಲಿ ಬರೀ ಕಾಗದ, ರಟ್ಟು. ಉಳಿದ ಹೆಂಗಸರು ಮೊದಮೊದಲು ಕಿಚಾಯಿಸುತ್ತಿದ್ದರು, ನಿನ್ನ ಗಂಡನಿಗೆ ಪೇಪರು ಓದುವ ಚಟವಿತ್ತೇ ಎಂದು. ನೀರಿನ ಸುದ್ದಿ ಇದ್ದರೆ ಓದ್ಕೊಳ್ಳಲಿ ಬುಡ್ರವ್ವ ಎನ್ನುತ್ತಿದ್ದರಂತೆ. ರೋಜಾಳೂ ಮಾತಿಗೆ ಬಂದಳು. ವಾರದ ರಜೆಯ ದಿನ ತಾಯಿಯ ಜೊತೆ ಹೋಗಿ ಚೀಲ ಕಟ್ಟಿಕೊಟ್ಟು ಬರುತ್ತಿದ್ದಳು. ಹಾಗಿದ್ದರೂ ಆ ಹುಡುಗಿಗೆ ತಾಯಿಯ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ನನ್ನ ಹತ್ತಿರ ಪುಸ್ತಕ ತೆಗೆದುಕೊಳ್ಳಲು ಬಂದಾಗಲೆಲ್ಲ, ಒಂದು ಚಿಟಿಕೆ ಪುಡಿ ಸುರಿಯಲಾಗದೆ ಎಲ್ಲ ಕಳೆದಳು, ನಾನಾಗಿದ್ದರೆ ಕಣ್ಣು ಮುಚ್ಚಿ ಬರೆಯುತ್ತಿದ್ದೆ ಎನ್ನುತ್ತಿದ್ದಳು.

ಕಳೆದ ಆಷಾಢದಲ್ಲಿ ಪುಟ್ಟಮಾದಮ್ಮ ಹಾಸಿಗೆ ಹಿಡಿದರು. ಕೆಮ್ಮು, ಜ್ವರ, ಆಮೇಲೆ ಉಸಿರು. ದೊಡ್ಡಾಸ್ಪತ್ರೆಗೆ ಹೋಗಿ ಬಂದರು, ಗುಣವಾಗಲಿಲ್ಲ. ನನ್ನನ್ನು ಕರೆಸಿ ಒಂದೇ ಮಾತು ಕೇಳಿದರು. ಶೆಡ್ಡಿನ ಹಿಂದೆ, ಬೇಲಿಯ ಒಳಗೆ, ಗೋಡೆಗೂ ತಂತಿಗೂ ನಡುವೆ ಒಂದು ಆಳು ಮಲಗುವಷ್ಟು ಮಣ್ಣಿದೆ. ಗಂಡನ ಪಕ್ಕವಲ್ಲ, ಹತ್ತಿರವಂತೂ ಹೌದು. ಅಲ್ಲಿಗೆ ಅಪ್ಪಣೆ ಕೊಡಿಸುತ್ತೀರಾ ಎಂದರು. ನಾನು ಅರ್ಜಿ ಬರೆದೆ. ಈ ಸಲ ಅಕ್ಷರ ಮುದ್ದಾಗಿ ಬರಲಿಲ್ಲ. ಹೊಸದಾಗಿ ಬಂದಿದ್ದ ಪಿಡಿಒ ಓದಿ, ಸರ್ಕಾರಿ ಕಟ್ಟಡದ ಆವರಣದಲ್ಲಿ ಹೂಳಲು ಯಾವ ಕಾನೂನಿದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಆಗುವುದಿಲ್ಲ ಎಂದರು. ಆ ಉತ್ತರವನ್ನು ನಾನು ಪುಟ್ಟಮಾದಮ್ಮನಿಗೆ ಹೇಳಲಿಲ್ಲ, ಕೇಳುತ್ತಿದ್ದಾರೆ ಎಂದೆ. ಮೂರು ದಿನಕ್ಕೆ ಹೋದರು.

ನಾಲೆ ದಾಟಿಸಿ ಆಚೆಯ ಬಂಡೆಗೆ ಒಯ್ದೆವು. ಅಲ್ಲಿ ಅದುವರೆಗೆ ಯಾರನ್ನೂ ಮಣ್ಣು ಮಾಡಿರಲಿಲ್ಲ. ಅಲ್ಲಿಯವರೆಗೆ ಸತ್ತವರನ್ನು ಬೀದಿಯವರು ನೆಂಟರ ಹೊಲದಲ್ಲೋ, ನಾಲೆ ಏರಿಯ ಬದಿಯಲ್ಲೋ ಹೇಗೋ ಸಾಗಹಾಕಿದ್ದರು. ಆರು ಜನ ಹಾರೆ ಹಿಡಿದು ಮೂರು ಗಂಟೆ ಅಗೆದರೂ ಗುಂಡಿ ಸೊಂಟದ ಮಟ್ಟಕ್ಕೆ ಬರಲಿಲ್ಲ. ಅಷ್ಟಕ್ಕೇ ಇಳಿಸಿ ಮೇಲೆ ಕಲ್ಲು ಪೇರಿಸಿದರು. ಎಂಬತ್ತೆರಡು ಮನೆಯ ಬಾಗಿಲು ಎತ್ತ ಎಂದು ಬಲ್ಲ ಹೆಂಗಸು, ಸುತ್ತ ಯಾರೂ ಇಲ್ಲದ ಕಡೆ ಒಬ್ಬರೇ ಉಳಿದರು. ವಾಪಸು ಬರುವಾಗ ರೋಜಾ ನಾಲೆಯ ಏರಿಯ ಮೇಲೆ ನಿಂತು ಎರಡೂ ದಡ ನೋಡಿದಳು.

ಈ ವರ್ಷ ಕೊಯ್ಲಿನ ಹೊತ್ತಿಗೆ ಮತ್ತೆ ನಕ್ಷೆಯ ಆದೇಶ ಬಂತು. ಶಾಲಿನಿಗೆ ವರ್ಗವಾಗಿತ್ತು, ವಾಣಿ ಎಂಬ ಇನ್ನೊಬ್ಬಳು ಬಂದಳು. ಅವಳು ಬರುವ ಮೊದಲೇ ನಾನು ಕೆಳಗಿನ ಬೀದಿಗೆ ಹೋಗಿ ರೋಜಾಳ ಮುಂದೆ ಕೂತು ಬಿಡಿಸಿ ಹೇಳಿದೆ. ನಾಲೆಯ ಆಚೆಯ ಎಕರೆ ಇನ್ನೂ ದಾಖಲೆಗೆ ಏರಿಲ್ಲ, ಪಕ್ಕದಲ್ಲಿ ಕಲ್ಲು ಕ್ವಾರಿಗೆ ಯಾರೋ ಅರ್ಜಿ ಹಾಕಿದ್ದಾರೆ. ಈ ಸಲ ನಕ್ಷೆಯಲ್ಲಿ ಬಂದರೆ ನಿಮ್ಮದು, ಬರದಿದ್ದರೆ ಅದೂ ಹೋಯಿತು. ರೋಜಾ ಕಣ್ಣು ಮಿಟುಕಿಸದೆ ಕೇಳಿ, ನಾನೇ ಬರೆಯುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ ಎಂದಳು.

ಭವನದ ಮುಂದೆ ನೆಲ ಸಾರಿಸಿದರು. ತಾಯಿಯ ಅದೇ ಡಬ್ಬಿ, ಅದೇ ಕೈ. ಗೆರೆ ನಡುಗಲಿಲ್ಲ. ನಾಲೆ ಹರಿಯಿತು, ತೂಬುಗಳು ಬಂದವು, ಮನೆಗಳು ಈಗ ತೊಂಬತ್ತು. ಈಶಾನ್ಯದ ಮೂಲೆಯಲ್ಲಿ ಶೆಡ್ಡು ಬಂತು, ಅದರೊಳಗೆ ಸಾಲು ಕಂಬ. ಮೂರನೇ ಕಂಬದ ಹತ್ತಿರ ಅವಳ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಾಲೆ ದಾಟಿದಳು. ಬೀದಿಯೆಲ್ಲ ಅವಳ ಕೈಯನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಯಾರದೋ ಎಳೆಗೂಸು ಅತ್ತಿತು, ಅದರ ತಾಯಿ ಬೇಗ ಸೆರಗು ಮುಚ್ಚಿ ಒಳಕ್ಕೆ ಎತ್ತಿಕೊಂಡು ಹೋದಳು. ರೋಜಾ ಆ ಕಡೆ ತಿರುಗಿ ನೋಡಿದಳು. ಬೆರಳ ಸಂದಿಯಿಂದ ಪುಡಿ ಬೀಳಲಿಲ್ಲ. ವಾಣಿ ವಾಚು ನೋಡಿಕೊಂಡು, ಅಲ್ಲಿ ಏನಿದೆ ಬೇಗ ಬರೆಯಿರಿ ಎಂದಳು. ನಾನು ಹತ್ತಿರ ಹೋಗಿ, ರೋಜಾ, ಒಂದು ಗೆರೆ ಎಳೆ ಸಾಕು ಎಂದೆ. ಅವಳು ಮುಷ್ಟಿ ಬಿಗಿ ಹಿಡಿದಿದ್ದಳು.

“ಅಲ್ಲಿ ಅವ್ವ ಒಬ್ಳೇ ಅವ್ಳೆ ಸಾ. ನಾನೀಗ ರಂಗೋಲಿ ಬುಟ್ರೆ, ಅವ್ಳ್ ಜೊತೆಗೆ ಇನ್ನೊಬ್ರು ಬನ್ನಿ ಅಂದಂಗಾಯ್ತದೆ.”

ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು. ಸೀರೆ ಎತ್ತಿಕೊಂಡು, ಆ ಜಾಗವನ್ನು ತುಳಿಯದೆ, ಸುತ್ತಿ ಬಂದು ನನ್ನ ಪಕ್ಕ ನಿಂತು ಅತ್ತಳು. ವಾಣಿ ಫೋಟೊ ತೆಗೆದಳು.

ಈ ಸಲ ನಾನು ಸುಮ್ಮನಿರಲಿಲ್ಲ. ಹಾಳೆಯ ಮೇಲೆ, ನಾಲೆಯ ಆಚೆ, ಚೌಕ ಎಳೆದು, ಒಳಗೆ ‘ಕೆಳಗಿನ ಬೀದಿಯ ಸ್ಮಶಾನ’ ಎಂದು ದಪ್ಪಗೆ ಬರೆದೆ. ಯಾರನ್ನೂ ಕೇಳಲಿಲ್ಲ. ರೋಜಾ ಅದನ್ನು ನೋಡಿಯೇ ಸಹಿ ಹಾಕಿದಳು. ಮನೆಗೆ ಬಂದು ನಂದಿತಾಳಿಗೆ ಹೇಳಿದೆ, ಇವತ್ತು ಒಂದು ಕೆಲಸ ಮಾಡಿದೆ ಎಂದು.

ಮಾರನೆಯ ದಿನ ಕಂಪ್ಯೂಟರಿನ ಮುಂದೆ ಕೂತ ಆಪರೇಟರು ಹಾಳೆಯನ್ನೂ ಫೋಟೊವನ್ನೂ ಪಕ್ಕಪಕ್ಕ ಇಟ್ಟು ನೋಡಿದ. ನೆಲದ ಮೇಲೆ ಇಲ್ಲದ್ದು ಹಾಳೆಯ ಮೇಲೆ ಹೇಗೆ ಬಂತು ಎಂದು ಕೇಳಿದ. ನಾನು ಹೇಳಿದೆ, ಬೇಡಿಕೊಂಡೆ, ಕೊನೆಗೆ ಕೂಗಾಡಿದೆ. ಪಿಡಿಒ ಬಂದು, ಜನ ಬರೆದದ್ದನ್ನು ನಾವು ತಿದ್ದುವ ಹಾಗಿಲ್ಲ, ಹಾಗೆ ತಿದ್ದಿದರೆ ಅದು ಜನರ ಯೋಜನೆ ಹೇಗಾಗುತ್ತದೆ ಎಂದರು. ಫೋಟೊದಲ್ಲಿ ಇರುವ ಹಾಗೆ ಏರಿಸಿ ಎಂದು ಹೇಳಿ ಒಳಗೆ ಹೋದರು. ನಾಲೆಯ ಆಚೆಯ ಚೌಕದ ಒಳಗೆ ಆಪರೇಟರು ‘ಖಾಲಿ ಜಾಗ’ ಎಂದು ಟೈಪು ಮಾಡಿ, ಪ್ರಿಂಟು ತೆಗೆದು, ಒಂದು ಪ್ರತಿಯನ್ನು ಲೈಬ್ರರಿಯ ಗೋಡೆಗೆ ಅಂಟಿಸಲು ನನ್ನ ಕೈಗೆ ಕೊಟ್ಟ.